ಪರನಾಡಿನ ಅನ್ನ ಮತ್ತು ಶ್ರಾವಕನ ವಿವೇಕ

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ, ಶಿವನಸಮುದ್ರದ ಗಗನಚುಕ್ಕಿ ಜಲಪಾತದ ಸಮೀಪದಲ್ಲಿ, ಬ್ಲಫ್ ಎಂಬ ಚಿಕ್ಕ ಊರೊಂದಿದೆ. ಕಡಿದಾದ ಬಂಡೆಯ ಅಂಚನ್ನು ಸೂಚಿಸುವ ಇಂಗ್ಲಿಷ್ ಪದವೇ ಆ ಊರಿಗೆ ಹೆಸರಾಗಿ ನಿಂತಿದೆ. ಆ ಅಂಚಿನ ಬುಡದಲ್ಲಿ ಮೈಸೂರು ಸಂಸ್ಥಾನವು ಕಟ್ಟಿಸಿದ ವಿದ್ಯುದಾಗಾರವು 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು. ಸುಮಾರು 92 ಮೈಲಿಗಳ ಆ ತಂತಿಮಾರ್ಗವು ಅಂದಿಗೆ ಜಗತ್ತಿನಲ್ಲೇ ಅತ್ಯಂತ ಉದ್ದವಾದವುಗಳಲ್ಲಿ ಒಂದಾಗಿತ್ತು. ಈ ಕಾರ್ಯ ಆರಂಭವಾದದ್ದು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ. ಯೋಜನೆಯನ್ನು ಮುನ್ನಡೆಸಿದ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರು ಕೆನಡಾ ದೇಶದವರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ ಜಲಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವೈಸ್ ಕಂಪನಿಯಿಂದಲೂ ಬಂದವು. ಯಂತ್ರಗಳನ್ನು ಕೂಡಿಸಿ ನಡೆಸಲು ಅಮೆರಿಕದ ಎಂಜಿನಿಯರುಗಳೂ ಬಂದರು.

ಗೋಧಿಯ ರೊಟ್ಟಿ, ಬೆಣ್ಣೆ, ಆಲೂಗಡ್ಡೆಗಳ ನಾಡಿನಿಂದ ಬಂದ ಆ ಜನರ ಸುತ್ತಮುತ್ತ ಇದ್ದದ್ದು ರಾಗಿ, ಹುರುಳಿ, ಅವರೆಗಳ ಸೀಮೆ. ದೇಶ ಬಿಟ್ಟು ದೇಶಕ್ಕೆ ಹೋದ ಯಾರಿಗೇ ಆಗಲಿ ಮೊದಲ ದಿನದ ಸಂಜೆಯೇ ಎರಡು ಪ್ರಶ್ನೆಗಳು ಎದುರಾಗುತ್ತವೆ: ನಮಗೆ ಗೊತ್ತಿರುವ ಆಹಾರ ಇಲ್ಲಿ ಸಿಗುವುದೆ? ಇಲ್ಲಿ ಸಿಗುವ ಹೊಸ ಆಹಾರ ನಮಗೆ ಒಗ್ಗುವುದೆ? ಅಂದು ಅಮೆರಿಕದಿಂದ ಬ್ಲಫ್‌ಗೆ ಬಂದವರು ಎದುರಿಸಿದ ಈ ಪ್ರಶ್ನೆಗಳನ್ನೇ ಇಂದು ಮಳವಳ್ಳಿ, ಮದ್ದೂರು, ಮಂಡ್ಯಗಳಿಂದ ಅಮೆರಿಕಕ್ಕೆ ಹೋಗುವ ಯುವಕ ಯುವತಿಯರು ಎದುರಿಸುತ್ತಾರೆ. ಜೈನ ಕುಟುಂಬದಿಂದ ಹೋದವರಿಗಾದರೋ ಮೂರನೆಯ ಪ್ರಶ್ನೆಯೊಂದು ಉಳಿದಿರುತ್ತದೆ: ಈ ಆಹಾರ ಯಾವ ಜೀವಕ್ಕೆ ಎಷ್ಟು ನೋವನ್ನು ಉಂಟುಮಾಡಿ ತಟ್ಟೆಗೆ ಬಂತು?

ಮೊದಲೆರಡು ಪ್ರಶ್ನೆಗಳು ನಾಲಗೆಗೂ ನೆನಪಿಗೂ ಸಂಬಂಧಿಸಿದವು. ಮೂರನೆಯದು ಧರ್ಮಕ್ಕೆ ಸಂಬಂಧಿಸಿದ್ದು. ಈ ಮೂರನ್ನೂ ಬೆರೆಸಿ ಒಂದೇ ಎಂದು ತಿಳಿಯುವುದರಿಂದಲೇ ಪರದೇಶಕ್ಕೆ ಹೋದವರಲ್ಲಿಯೂ ಅವರ ಹಿರಿಯರಲ್ಲಿಯೂ ಬಹಳಷ್ಟು ಗೊಂದಲ ಉಂಟಾಗಿದೆ. ಪರಿಚಿತವಾದುದೆಲ್ಲ ಶುದ್ಧ, ಅಪರಿಚಿತವಾದುದೆಲ್ಲ ಅಶುದ್ಧ ಎಂಬ ಭಾವನೆಗೆ ಶಾಸ್ತ್ರದ ಆಧಾರವೂ ಇಲ್ಲ, ಚರಿತ್ರೆಯ ಆಧಾರವೂ ಇಲ್ಲ.

ನಮ್ಮದೆನ್ನುವ ಆಹಾರ ಬಂದ ದಾರಿ

ಕನ್ನಡ ಭಾಷೆಯು ಹೊರಗಿನಿಂದ ಬಂದ ಪದಾರ್ಥಗಳ ಲೆಕ್ಕವನ್ನು ತನ್ನ ಪದಗಳಲ್ಲಿಯೇ ಬರೆದಿಟ್ಟಿದೆ. ‘ಸೀಮೆ’ ಎಂಬ ಮಾತು ಮುಂದೆ ಸೇರಿದರೆ ಅದು ಬೇರೆ ಸೀಮೆಯಿಂದ ಬಂದುದೆಂದು ಅರ್ಥ. ಸೀಮೆಬದನೆ, ಸೀಮೆಹುಣಸೆಗಳು ಹೀಗೆ ಬಂದವು. ಪರಂಗಿಹಣ್ಣಿನ ಹೆಸರಿನಲ್ಲಿ ಪರಂಗಿಯವರ, ಎಂದರೆ ಸಮುದ್ರದಾಚೆಯಿಂದ ಬಂದ ಬಿಳಿಯರ ಗುರುತಿದೆ. ಕೆಲವು ಪದಾರ್ಥಗಳಿಗೆ ಹಳೆಯ ಬಂಧುವಿನ ಹೆಸರನ್ನೇ ಕೊಟ್ಟು ಮನೆಗೆ ಸೇರಿಸಿಕೊಳ್ಳಲಾಯಿತು. ಖಾರಕ್ಕೆ ಇದ್ದದ್ದು ಮೆಣಸು. ಹೊಸದಾಗಿ ಬಂದ ಕಾಯಿಯೂ ಖಾರವಾಗಿದ್ದುದರಿಂದ ಅದು ಮೆಣಸಿನಕಾಯಿ ಆಯಿತು. ಕಡಲೆ ಮೊದಲೇ ಇತ್ತು. ನೆಲದೊಳಗೆ ಬಿಡುವ ಹೊಸ ಬೀಜ ಕಡಲೆಕಾಯಿ ಆಯಿತು. ಜೋಳ ಮೊದಲೇ ಇತ್ತು. ತೆನೆಗೆ ಮುಸುಕು ಹೊದ್ದು ಬಂದದ್ದು ಮುಸುಕಿನ ಜೋಳವಾಯಿತು. ಮೆಣಸಿನಕಾಯಿ, ಕಡಲೆಕಾಯಿ, ಮುಸುಕಿನ ಜೋಳ, ಆಲೂಗಡ್ಡೆ, ಟೊಮ್ಯಾಟೊ, ಪರಂಗಿ, ಅನಾನಸು, ಗೋಡಂಬಿ ಇವೆಲ್ಲವೂ ಅಮೆರಿಕ ಖಂಡಗಳ ಮೂಲದವು. 16ನೇ ಶತಮಾನದಿಂದೀಚೆಗೆ ಪೋರ್ಚುಗೀಸರ ಮತ್ತು ಅನಂತರ ಬಂದ ಇತರ ಯೂರೋಪಿಯನ್ನರ ಹಡಗುಗಳ ಮೂಲಕ ಈ ನೆಲವನ್ನು ಮುಟ್ಟಿದವು.

ಇದಕ್ಕೆ ಒಳ್ಳೆಯ ಸಾಕ್ಷಿಯೆಂದರೆ ಜೈನ ಕವಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’. 16ನೇ ಶತಮಾನದ ಆದಿಭಾಗದ ಈ ಕವಿ ಕನ್ನಡ ಷಟ್ಪದಿಯಲ್ಲಿ ಅಡುಗೆಯ ವಿಧಾನಗಳನ್ನು ವಿವರಿಸಿದ್ದಾನೆ. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಬದನೆ, ಬಾಳೆ, ಹಲಸುಗಳ ಅಡುಗೆಗಳು ಅಲ್ಲಿವೆ. ಮೆಣಸಿನಕಾಯಿಯಾಗಲಿ, ಆಲೂಗಡ್ಡೆಯಾಗಲಿ, ಟೊಮ್ಯಾಟೊ ಆಗಲಿ ಅವನ ಅಡುಗೆಮನೆಯಲ್ಲಿಲ್ಲ. ಅವು ಇನ್ನೂ ಕನ್ನಡ ನಾಡಿನ ಅಡುಗೆಗೆ ಬಂದಿರಲಿಲ್ಲ. ಇಂದಿನ ಜೈನ ಮನೆಯ ಸಾರಿನ ಪುಡಿಯನ್ನು ಮಂಗರಸನ ಮುಂದಿಟ್ಟಿದ್ದರೆ ಅದರ ಕೆಂಪು ಬಣ್ಣವೇ ಅವನಿಗೆ ವಿಸ್ಮಯವನ್ನುಂಟುಮಾಡುತ್ತಿತ್ತು. ‘ಪೂರ್ವಿಕರ ಕಾಲದಿಂದ ಬಂದ ರುಚಿ’ ಎಂದು ಅಭಿಮಾನದಿಂದ ಹೇಳುವ ಎಷ್ಟೋ ಪದಾರ್ಥಗಳಿಗೆ ನಾಲ್ಕೈದು ನೂರು ವರ್ಷಗಳಿಗಿಂತ ಹೆಚ್ಚಿನ ವಯಸ್ಸಿಲ್ಲ.

ರಾಗಿಯಾದರೂ ಹಳೆಯದಲ್ಲವೆ ಎಂದು ಕೇಳಬಹುದು. ಹಳೆಯದು ನಿಜ, ಆದರೆ ಅದೂ ವಲಸೆ ಬಂದ ಧಾನ್ಯವೇ. ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳು ರಾಗಿಯ ತವರು. ಸಾವಿರಾರು ವರ್ಷಗಳ ಹಿಂದೆಯೇ ಅದು ಭಾರತಕ್ಕೆ ಬಂದು ಕನ್ನಡಿಗರ ಮುಖ್ಯ ಧಾನ್ಯಗಳಲ್ಲಿ ಒಂದಾಯಿತು. ಈ ಹಳೆಯ ಬಾಂಧವ್ಯ ಮಂಡ್ಯದಲ್ಲಿಯೇ ಮತ್ತೊಮ್ಮೆ ನವೀಕರಣಗೊಂಡುದು ಸ್ಮರಣೀಯ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಕೃಷಿ ವಿಜ್ಞಾನಿ ಲಕ್ಷ್ಮಣಯ್ಯನವರು ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದಲ್ಲಿ, ಎಂದರೆ ವಿ.ಸಿ. ಫಾರಂನಲ್ಲಿ, ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ಹೆಚ್ಚು ಇಳುವರಿಯ ತಳಿಗಳನ್ನು ರೂಪಿಸಿದರು. ಇಂಡಿಯ ಮತ್ತು ಆಫ್ರಿಕ ಎರಡರ ಹೆಸರನ್ನೂ ಕೂಡಿಸಿ ಅವುಗಳಿಗೆ ‘ಇಂಡಾಫ್’ ಎಂದು ಹೆಸರಿಡಲಾಯಿತು. 1970ರ ದಶಕದಿಂದ ಈ ತಳಿಗಳು ರೈತರ ಹೊಲಗಳಲ್ಲಿ ಹರಡಿದವು. ಮಂಡ್ಯದ ಮುದ್ದೆಯ ಹಿಂದೆ ಎರಡು ಖಂಡಗಳ ಶ್ರಮವಿದೆ.

ಮದ್ದೂರಿನ ವಡೆಯ ಕಥೆಯೂ ಇಂಥದೇ. ಬೆಂಗಳೂರು–ಮೈಸೂರು ರೈಲುಮಾರ್ಗ 1880ರ ದಶಕದ ಆದಿಭಾಗದಲ್ಲಿ ಪೂರ್ಣವಾಯಿತು. ಆ ಮಾರ್ಗದ ಪ್ರಯಾಣಿಕರಿಗಾಗಿ ಹುಟ್ಟಿದ ತಿಂಡಿ ಅದು. ಅಕ್ಕಿಹಿಟ್ಟಿನೊಡನೆ ಅದಕ್ಕೆ ಬೇಕಾದ ರವೆಯೂ ಮೈದಾಹಿಟ್ಟೂ ಗೋಧಿಯಿಂದ ಬಂದವು. ಗೋಧಿ ಈ ಸೀಮೆಯ ಹೊಲದ ಬೆಳೆಯಲ್ಲ. ಹೊರಗಿನಿಂದ ಬಂದುದು ಊರಿನ ಹೆಸರನ್ನೇ ಪಡೆದು ಊರಿಗೆ ಕೀರ್ತಿ ತಂದಿತು. ಈರುಳ್ಳಿಯನ್ನು ಬಿಟ್ಟು ಅದೇ ವಡೆಯನ್ನು ಮಾಡಿಕೊಳ್ಳುವ ಶ್ರಾವಕರ ಮನೆಗಳಲ್ಲಿ ಹೊಸ ತಿಂಡಿಯೂ ಉಳಿಯಿತು, ಹಳೆಯ ನಿಯಮವೂ ಉಳಿಯಿತು.

ಶಾಸ್ತ್ರವು ಕೇಳಿದ ಪ್ರಶ್ನೆ

ಆಹಾರದ ಕಾರಣದಿಂದ ನಾಡು ಬಿಟ್ಟು ನಡೆದ ಪ್ರಸಂಗವೊಂದು ಕರ್ನಾಟಕದ ಜೈನಧರ್ಮದ ಮೂಲದಲ್ಲಿಯೇ ಇದೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ, ಸುಮಾರು ಕ್ರಿ.ಶ. 600ರ ಕಾಲದ ಶಾಸನವು ಭದ್ರಬಾಹು ಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವಿಪತ್ತನ್ನು ಮೊದಲೇ ಅರಿತು ತಿಳಿಸಿದರೆಂದೂ ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಬಂದಿತೆಂದೂ ಹೇಳುತ್ತದೆ. ಆ ವಿಪತ್ತು ಕ್ಷಾಮವೆಂಬುದು ಪರಂಪರೆಯ ನಂಬಿಕೆ. ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನ ಬೆಟ್ಟದ ಬಾಹುಬಲಿಯಾಗಲಿ, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯಾಗಲಿ, ಹೀಗೆ ದಕ್ಷಿಣದಲ್ಲಿ ಬೇರೂರಿದ ಧರ್ಮವು ಮುಂದೆ ಬಿಟ್ಟ ಫಲಗಳೇ ಆಗಿವೆ.

ಉತ್ತರದಿಂದ ಬಂದ ಮುನಿಗಳಿಗೆ ದಕ್ಷಿಣದ ಮನೆಗಳ ಅಡುಗೆ ಹೊಸದಾಗಿರಲೇಬೇಕು. ಆದರೂ ಇಂಥ ನಾಡಿನ ಇಂಥ ಧಾನ್ಯವೇ ಬೇಕೆಂಬ ನಿಯಮವನ್ನು ಮುನಿಧರ್ಮವು ಎಂದೂ ಮಾಡಲಿಲ್ಲ. ‘ಮೂಲಾಚಾರ’ದ ಪರಂಪರೆಯಲ್ಲಿ ಮುನಿಗಳ ಆಹಾರಕ್ಕೆ 46 ದೋಷಗಳನ್ನು ಹೇಳಲಾಗಿದೆ. ಆಹಾರವು ಸಿದ್ಧವಾದ ರೀತಿಗೆ ಸಂಬಂಧಿಸಿದ ಉದ್ಗಮ ದೋಷಗಳು 16, ಅದನ್ನು ಪಡೆಯುವ ರೀತಿಗೆ ಸಂಬಂಧಿಸಿದ ಉತ್ಪಾದನ ದೋಷಗಳು 16, ಸ್ವೀಕರಿಸುವಾಗಿನ ಏಷಣಾ ದೋಷಗಳು 10. ಉಳಿದ ನಾಲ್ಕು ಉಣ್ಣುವವನ ಮನಸ್ಸಿಗೂ ಮಿತಿಗೂ ಸಂಬಂಧಿಸಿದವು: ಸಂಯೋಜನ, ಅಪ್ರಮಾಣ, ಅಂಗಾರ ಮತ್ತು ಧೂಮ. ರುಚಿಗೆ ಮಾರುಹೋಗಿ ಆಸಕ್ತಿಯಿಂದ ಉಣ್ಣುವುದು ಅಂಗಾರ. ರುಚಿಸದ ಅನ್ನವನ್ನು ಮನಸ್ಸಿನಲ್ಲಿ ನಿಂದಿಸುತ್ತ ಉಣ್ಣುವುದು ಧೂಮ.

ಪರದೇಶಕ್ಕೆ ಹೋಗುವವರು ಈ ಕೊನೆಯ ಎರಡನ್ನು ನೆನಪಿನಲ್ಲಿಟ್ಟುಕೊಂಡರೆ ಅರ್ಧ ತೊಡಕು ಬಿಡಿಸಿದಂತೆ. ತವರಿನ ಉಪ್ಪಿನಕಾಯಿಯ ಮೇಲಿನ ವ್ಯಾಮೋಹವು ವ್ರತನಿಷ್ಠೆಯಲ್ಲ. ಬೇರೆ ನಾಡಿನ ಸಪ್ಪೆ ಅಡುಗೆಯ ಮೇಲಿನ ಜುಗುಪ್ಸೆಯೂ ವ್ರತನಿಷ್ಠೆಯಲ್ಲ. ಮುನಿಗಳಿಗೆ ಹೇಳಿದ್ದನ್ನು ಗೃಹಸ್ಥರು ಪೂರ್ಣವಾಗಿ ಪಾಲಿಸಲಾರರಾದರೂ, ರುಚಿಯ ಮೇಲಿನ ಆಸೆಯನ್ನೂ ಅಸಹನೆಯನ್ನೂ ಧರ್ಮವೆಂದು ತಿಳಿಯಬಾರದೆಂಬ ಎಚ್ಚರಿಕೆಯನ್ನು ಇದರಿಂದ ಪಡೆಯಬಹುದು.

ಶಾಸ್ತ್ರದಲ್ಲಿ ಹೆಸರಿಲ್ಲದ ಹೊಸ ಪದಾರ್ಥ ಬಂದಾಗ ಏನು ಮಾಡಬೇಕು? ಇದಕ್ಕೆ ಹಿರಿಯರು ನಡೆದು ತೋರಿಸಿದ ದಾರಿಯಿದೆ. ಆಲೂಗಡ್ಡೆಯ ಹೆಸರು ಯಾವ ಪ್ರಾಚೀನ ಶ್ರಾವಕಾಚಾರದಲ್ಲಿಯೂ ಇರಲು ಸಾಧ್ಯವಿಲ್ಲ. ಆದರೂ ಅದು ನೆಲದೊಳಗಿನ ಗಡ್ಡೆ, ಅನಂತಕಾಯ ಎಂದು ವಿಚಾರಿಸಿ ಅದನ್ನು ವರ್ಜ್ಯಗಳ ಸಾಲಿಗೆ ಸೇರಿಸಿದರು. ಮೆಣಸಿನಕಾಯಿಯೂ ಅಷ್ಟೇ ಹೊಸದು, ಅಷ್ಟೇ ಪರದೇಶದ್ದು. ಅದು ಗಿಡದ ಮೇಲೆ ಬಿಡುವ ಕಾಯಿಯಾದುದರಿಂದ ಅಂಗೀಕರಿಸಿದರು. ಕಡಲೆಕಾಯಿ ನೆಲದೊಳಗೆ ಬಿಟ್ಟರೂ ಬೇರಲ್ಲ, ಗಡ್ಡೆಯಲ್ಲ, ಬೀಜ ಎಂದು ತಿಳಿದು ಬಹುಮಂದಿ ಸ್ವೀಕರಿಸಿದರು. ಇಲ್ಲಿ ‘ಇದು ಯಾವ ದೇಶದ್ದು’ ಎಂಬ ಪ್ರಶ್ನೆಯೇ ಬರಲಿಲ್ಲ. ‘ಇದರಲ್ಲಿ ಜೀವಹಿಂಸೆ ಎಷ್ಟು’ ಎಂಬುದೊಂದೇ ಅಳತೆಗೋಲಾಯಿತು. ತಕ್ಕಡಿ ಸರಿಯಾಗಿದ್ದರೆ ಯಾವ ಊರಿನ ಸರಕನ್ನಾದರೂ ತೂಗಬಹುದೆಂಬುದನ್ನು ವರ್ತಕರ ಸಮಾಜಕ್ಕೆ ಬೇರೆಯಾಗಿ ಹೇಳಬೇಕಾಗಿಲ್ಲ.

ಲಂಡನ್ನಿನ ಒಬ್ಬ ವಿದ್ಯಾರ್ಥಿ

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಸಮುದ್ರ ದಾಟಿದವರಲ್ಲಿ ಅತ್ಯಂತ ಪ್ರಸಿದ್ಧರು ಜೈನರಲ್ಲ. ಆದರೆ ಅವರ ವ್ರತ ಜೈನ ಸಾಧುವಿನ ಸನ್ನಿಧಿಯಲ್ಲಿ ಪಡೆದದ್ದು. 1888ರಲ್ಲಿ ಮೋಹನದಾಸ ಕರಮಚಂದ ಗಾಂಧಿಯವರು ಕಾನೂನು ವಿದ್ಯಾಭ್ಯಾಸಕ್ಕೆ ಇಂಗ್ಲೆಂಡಿಗೆ ಹೊರಟಾಗ ತಾಯಿ ಪುತಲೀಬಾಯಿಯವರು ಒಪ್ಪಲು ಹಿಂಜರಿದರು. ಆಗ ಕುಟುಂಬದ ಹಿತೈಷಿಗಳಾಗಿದ್ದ ಜೈನ ಸಾಧು ಬೇಚರಜೀ ಸ್ವಾಮಿಗಳು ಮದ್ಯ, ಮಾಂಸ, ಪರಸ್ತ್ರೀಸಂಗಗಳನ್ನು ವರ್ಜಿಸುವ ಪ್ರತಿಜ್ಞೆಯನ್ನು ಅವರಿಂದ ಮಾಡಿಸಿದರು. ಅನಂತರವೇ ತಾಯಿ ಒಪ್ಪಿದರು.

ಮುಂದಿನ ಕಥೆಯನ್ನು ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹಡಗಿನಲ್ಲಿ ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳಲು ಸಂಕೋಚವಾಗಿ, ಮನೆಯಿಂದ ತಂದ ಸಿಹಿತಿಂಡಿ ಮತ್ತು ಹಣ್ಣುಗಳಲ್ಲಿಯೇ ದಿನ ಕಳೆದರು. ಲಂಡನ್ನಿನಲ್ಲಿ ಉಪ್ಪು, ಮಸಾಲೆಗಳಿಲ್ಲದೆ ಬೇಯಿಸಿದ ತರಕಾರಿ ಗಂಟಲಿನಲ್ಲಿ ಇಳಿಯಲಿಲ್ಲ. ಇಳಿದುಕೊಂಡ ಮನೆಯಲ್ಲಿ ಕೊಟ್ಟ ಎರಡು ಮೂರು ಚೂರು ರೊಟ್ಟಿಯ ಮೇಲೆ ಮತ್ತೊಂದನ್ನು ಕೇಳಲು ನಾಚಿಕೆ. ಮಾಂಸ ತಿನ್ನಬೇಕೆಂದು ಸ್ನೇಹಿತರೊಬ್ಬರು ಪಟ್ಟುಹಿಡಿದು ವಾದಿಸಿದರು. ಹಸಿದ ಹುಡುಗನಲ್ಲಿ ವಾದಕ್ಕೆ ಉತ್ತರವಿರಲಿಲ್ಲ, ಪ್ರತಿಜ್ಞೆಯೊಂದಿತ್ತು. ದಿನಕ್ಕೆ ಹತ್ತು ಹನ್ನೆರಡು ಮೈಲಿ ಅಲೆದಾಡುತ್ತ ಕೊನೆಗೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಸಸ್ಯಾಹಾರದ ಭೋಜನಾಲಯವನ್ನು ಕಂಡರು. ಅಲ್ಲಿಯೇ ಹೆನ್ರಿ ಸಾಲ್ಟ್ ಎಂಬುವರು ಸಸ್ಯಾಹಾರದ ಪರವಾಗಿ ಬರೆದ ಪುಸ್ತಕವನ್ನು ಒಂದು ಷಿಲಿಂಗಿಗೆ ಕೊಂಡರು. ಇಂಗ್ಲೆಂಡಿಗೆ ಬಂದ ಮೇಲೆ ಅವರು ಹೊಟ್ಟೆ ತುಂಬ ಉಂಡ ಮೊದಲ ಊಟ ಅದು.

ಈ ಘಟನೆಯಲ್ಲಿ ಗಮನಿಸಬೇಕಾದ ಸಂಗತಿಗಳು ಮೂರು. ಮೊದಲನೆಯದು, ತಾಯಿಗೆ ಕೊಟ್ಟ ಮಾತಿಗಾಗಿ ಮಾತ್ರ ಮಾಂಸವನ್ನು ಬಿಟ್ಟಿದ್ದವರು ಪರದೇಶದಲ್ಲಿ ಓದಿ ಯೋಚಿಸಿ ತಮ್ಮ ಸ್ವಂತ ನಿರ್ಧಾರದಿಂದ ಸಸ್ಯಾಹಾರಿಗಳಾದರು. ಹೊರಗಿನ ದೇಶವು ವ್ರತವನ್ನು ಸಡಿಲಿಸುವ ಬದಲು ಅದಕ್ಕೆ ಬೇರು ಕೊಟ್ಟಿತು. ಎರಡನೆಯದು, ಮನೆಯಿಂದ ತರಿಸಿಕೊಳ್ಳುತ್ತಿದ್ದ ಸಿಹಿ ಮತ್ತು ಮಸಾಲೆಗಳನ್ನು ಅವರು ನಿಲ್ಲಿಸಿದರು. ಮೊದಲು ಸಪ್ಪೆಯೆನಿಸಿದ್ದ ಬೇಯಿಸಿದ ಸೊಪ್ಪು ಆಮೇಲೆ ರುಚಿಸತೊಡಗಿತು. ರುಚಿಯ ನೆಲೆ ನಾಲಗೆಯಲ್ಲ, ಮನಸ್ಸು ಎಂದು ಅವರು ಕಂಡುಕೊಂಡರು. ಮೂರನೆಯದು ಇನ್ನೂ ಸೂಕ್ಷ್ಮವಾದದ್ದು. ಮಾಂಸವೆಂದರೆ ಏನೆಂಬುದಕ್ಕೆ ಇಂಗ್ಲೆಂಡಿನಲ್ಲಿ ಬೇರೆ ಬೇರೆ ಅರ್ಥಗಳಿದ್ದವು. ಕೆಲವರ ಅರ್ಥದಲ್ಲಿ ಮೊಟ್ಟೆಗೆ ಅವಕಾಶವಿತ್ತು. ಆ ಅರ್ಥವನ್ನು ನಂಬಿ ಸ್ವಲ್ಪ ಕಾಲ ಮೊಟ್ಟೆಯನ್ನು ಸೇವಿಸಿದ ಗಾಂಧೀಜಿಯವರು ಬಳಿಕ ಎಚ್ಚೆತ್ತರು. ಪ್ರತಿಜ್ಞೆಯ ಅರ್ಥವು ಅದನ್ನು ಮಾಡಿಸಿದವರ ಮನಸ್ಸಿನಲ್ಲಿದ್ದ ಅರ್ಥವೇ ಹೊರತು ಪಾಲಿಸುವವನಿಗೆ ಅನುಕೂಲವಾದ ಅರ್ಥವಲ್ಲ ಎಂದು ನಿಶ್ಚಯಿಸಿ ಮೊಟ್ಟೆಯನ್ನು ಬಿಟ್ಟರು. ಆಮೇಲೆ ಯಾವ ತಿನಿಸಿನಲ್ಲಿ ಮೊಟ್ಟೆಯಿದೆಯೆಂದು ವಿಚಾರಿಸದೆ ಉಣ್ಣುವಂತಿರಲಿಲ್ಲ. ಹಡಗಿನಲ್ಲಿ ಕೇಳಲು ನಾಚಿದ ಅದೇ ವ್ಯಕ್ತಿ ಕೇಳುವುದನ್ನು ಕಲಿತರು.

ಹಡಗುಗಳಲ್ಲಿ ಹೋದ ಶ್ರಾವಕರು

ಐದು ವರ್ಷಗಳ ಅನಂತರ, 1893ರಲ್ಲಿ, ಷಿಕಾಗೊ ನಗರದ ಸರ್ವಧರ್ಮ ಸಮ್ಮೇಳನಕ್ಕೆ ಜೈನರ ಪ್ರತಿನಿಧಿಯಾಗಿ ಹೋದವರು ವೀರಚಂದ ರಾಘವಜಿ ಗಾಂಧಿ. ಆಹ್ವಾನ ಬಂದದ್ದು ಆಚಾರ್ಯ ವಿಜಯಾನಂದ ಸೂರಿಗಳಿಗೆ. ಮುನಿಗಳು ಸಮುದ್ರಯಾನ ಮಾಡುವಂತಿಲ್ಲವಾದುದರಿಂದ ಗೃಹಸ್ಥರಾದ ಇವರನ್ನು ಕಳುಹಿಸಿದರು. ಸಮುದ್ರ ದಾಟಿದರೆ ಆಚಾರ ಕೆಡುವುದೆಂಬ ಆಕ್ಷೇಪ ಸಮಾಜದಲ್ಲಿ ಬಲವಾಗಿದ್ದ ಕಾಲ ಅದು. ವೀರಚಂದರು ಅಮೆರಿಕದಲ್ಲಿಯೂ ಸಸ್ಯಾಹಾರವನ್ನು ಬಿಡದೆ, ಅಹಿಂಸೆಯ ವಿಷಯವಾಗಿ ಊರೂರುಗಳಲ್ಲಿ ಉಪನ್ಯಾಸ ಮಾಡಿ, ಆಚಾರವನ್ನು ಕಾಯುವುದು ಸಮುದ್ರವಲ್ಲ, ಮನುಷ್ಯನೇ ಎಂದು ತೋರಿಸಿದರು. 1901ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಅಮೆರಿಕದ ಎಂಜಿನಿಯರುಗಳು ಬ್ಲಫ್‌ನಲ್ಲಿ ಯಂತ್ರಗಳನ್ನು ಕೂಡಿಸುತ್ತಿದ್ದ ಕಾಲವೂ ಅದೇ.

19ನೇ ಶತಮಾನದ ಅಂತ್ಯದಿಂದ ಗುಜರಾತಿನ ಹಾಲಾರ್ ಪ್ರದೇಶದ ಓಸ್ವಾಲ ಜೈನರು ಪೂರ್ವ ಆಫ್ರಿಕಕ್ಕೆ ವ್ಯಾಪಾರಕ್ಕಾಗಿ ಹೋಗತೊಡಗಿದರು. ಮೊಂಬಾಸ, ನೈರೋಬಿಗಳಲ್ಲಿ ಅಂಗಡಿಗಳನ್ನಿಟ್ಟು, ಕ್ರಮೇಣ ಮಂದಿರಗಳನ್ನೂ ಕಟ್ಟಿದರು. ಅವರು ನೆಲೆಸಿದ ನಾಡು ರಾಗಿಯ ತವರಿನ ನೆರೆಯಾಗಿತ್ತು. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ರಾಗಿಗೆ ‘ವಿಂಬಿ’ ಎಂದು ಹೆಸರು. ಅದರ ಗಂಜಿಯನ್ನು ಇಂದಿಗೂ ಅಲ್ಲಿನ ಮನೆಗಳಲ್ಲಿ ಕುಡಿಯುತ್ತಾರೆ. ಮಂಡ್ಯದವನೊಬ್ಬ ನೈರೋಬಿಯ ಸಂತೆಗೆ ಹೋಗಿ ವಿಂಬಿಯ ರಾಶಿಯಲ್ಲಿ ಕೈಯಿಟ್ಟರೆ ಪರದೇಶದ ಧಾನ್ಯವನ್ನಲ್ಲ, ತನ್ನ ಅಜ್ಜಿಯ ಕಣಜದ ಕಾಳನ್ನೇ ಮುಟ್ಟಿದಂತಾಗುತ್ತದೆ. ಅಮೆರಿಕದ ಅಂಗಡಿಗಳಲ್ಲಿ ಅದೇ ಹಿಟ್ಟು ‘ನಾಚ್ನಿ’ ಎಂಬ ಉತ್ತರದವರ ಹೆಸರಿನ ಪೊಟ್ಟಣದಲ್ಲಿ ಕುಳಿತಿರುವುದರಿಂದ ಎಷ್ಟೋ ಕನ್ನಡಿಗರು ಮೊದಲಿಗೆ ಗುರುತಿಸದೆ ಮುಂದೆ ಹೋಗಿಬಿಡುತ್ತಾರೆ.

ಪೂರ್ವ ಆಫ್ರಿಕದಲ್ಲಿ ಪರಿಸ್ಥಿತಿ ಬದಲಾಗಿ, 1960ರ ದಶಕದ ಕೊನೆಯಲ್ಲಿ ಮತ್ತು 1972ರಲ್ಲಿ ಉಗಾಂಡದಿಂದ ಭಾರತೀಯರನ್ನು ಹೊರಹಾಕಿದಾಗ, ಅನೇಕ ಜೈನ ಕುಟುಂಬಗಳು ಇಂಗ್ಲೆಂಡಿಗೆ ಎರಡನೆಯ ವಲಸೆ ಹೋದವು. ಲೆಸ್ಟರ್ ನಗರದಲ್ಲಿ ಹಳೆಯ ಚರ್ಚಿನ ಕಟ್ಟಡವೊಂದನ್ನು ಪಡೆದು ರೂಪಿಸಿದ ಜಿನಮಂದಿರದ ಪ್ರತಿಷ್ಠೆ 1988ರಲ್ಲಿ ನಡೆಯಿತು. ಅಮೆರಿಕ ಮತ್ತು ಕೆನಡಾದ ಜೈನ ಸಂಘಗಳ ಒಕ್ಕೂಟವಾದ ‘ಜೈನಾ’ 1981ರಲ್ಲಿ ಸ್ಥಾಪಿತವಾಯಿತು. ಇಂದು ವಿಮಾನದಲ್ಲಿ ಪಯಣಿಸುವವರು ಮುಂಚಿತವಾಗಿ ತಿಳಿಸಿದರೆ ಅನೇಕ ಕಂಪನಿಗಳಲ್ಲಿ ಗಡ್ಡೆಗೆಣಸುಗಳಿಲ್ಲದ ‘ಜೈನ ಊಟ’ವೆಂಬ ಪ್ರತ್ಯೇಕ ಊಟವೇ ಸಿಗುತ್ತದೆ. ಕೇಳುವವರಿದ್ದುದರಿಂದ ಕೊಡುವವರು ಹುಟ್ಟಿದರು.

ಪರಿಚಿತ ಪದಾರ್ಥಗಳ ಮರೆಯಲ್ಲಿ

ಅಪರಿಚಿತ ಆಹಾರದ ಮುಂದೆ ಮನುಷ್ಯ ಸಹಜವಾಗಿಯೇ ಎಚ್ಚರವಾಗಿರುತ್ತಾನೆ. ಅವನು ಮೋಸಹೋಗುವುದು ಪರಿಚಿತವೆಂದು ತೋರುವ ಆಹಾರದಲ್ಲಿ. ಸಕ್ಕರೆಯ ನಾಡೆಂದು ಹೆಸರಾದ ಮಂಡ್ಯದವರಿಗೆ ಸಕ್ಕರೆಯಷ್ಟು ಪರಿಚಿತವಾದುದು ಬೇರೊಂದಿಲ್ಲ. ಮೈಸೂರು ಸಕ್ಕರೆ ಕಂಪನಿ ಅಲ್ಲಿ 1933ರಲ್ಲಿ ಸ್ಥಾಪನೆಯಾಯಿತು. ಯೂರೋಪಿಗೆ ಹೋದಾಗ ಅದೇ ಬಿಳಿಯ ಸಕ್ಕರೆ ಮೇಜಿನ ಮೇಲಿರುತ್ತದೆ. ಆದರೆ ಯೂರೋಪಿನಲ್ಲಿ ತಯಾರಾಗುವ ಸಕ್ಕರೆಯ ಬಹುಪಾಲು ಕಬ್ಬಿನಿಂದ ಬಂದುದಲ್ಲ, ಸಕ್ಕರೆ ಬೀಟೆಂಬ ನೆಲದೊಳಗಿನ ಗಡ್ಡೆಯಿಂದ ಬಂದುದು. ಅಮೆರಿಕದಲ್ಲಿ ಕಬ್ಬಿನ ಸಕ್ಕರೆಯನ್ನು ಬಿಳುಪಾಗಿಸಲು ಕೆಲವು ಕಾರ್ಖಾನೆಗಳು ದನದ ಮೂಳೆಯ ಇದ್ದಿಲನ್ನು ಬಳಸುತ್ತವೆ. ಕಣ್ಣಿಗೆ ಎಲ್ಲವೂ ಒಂದೇ ಬಿಳುಪು.

ಚೀಸ್ ಹಾಲಿನದೇ ಆದರೂ ಹಾಲನ್ನು ಹೆಪ್ಪುಗಟ್ಟಿಸಲು ಹಲವೆಡೆ ಕರುವಿನ ಜಠರದಿಂದ ತೆಗೆದ ರೆನೆಟ್ ಎಂಬ ಪದಾರ್ಥವನ್ನು ಹಾಕುತ್ತಾರೆ. ಸಸ್ಯಮೂಲದ ಅಥವಾ ಸೂಕ್ಷ್ಮಾಣುಮೂಲದ ಹೆಪ್ಪಿನಿಂದ ಮಾಡಿದ ಚೀಸೂ ಸಿಗುತ್ತದೆ, ಕೇಳಿ ಕೊಳ್ಳಬೇಕು. ಮಕ್ಕಳು ಬಯಸುವ ಮೆತ್ತನೆಯ ಮಿಠಾಯಿಗಳಲ್ಲಿಯೂ ಔಷಧದ ಕ್ಯಾಪ್ಸೂಲುಗಳಲ್ಲಿಯೂ ಇರುವ ಜಿಲಾಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ಬಂದುದು. ‘ವೆಜಿಟೇರಿಯನ್’ ಎಂಬ ಪದಕ್ಕೆ ಪಶ್ಚಿಮದ ಬಳಕೆಯಲ್ಲಿ ಸಾಮಾನ್ಯವಾಗಿ ಮೊಟ್ಟೆ ಸೇರಿಯೇ ಇರುತ್ತದೆ. ಅಮೆರಿಕದ ದೊಡ್ಡ ಉಪಾಹಾರ ಸಂಸ್ಥೆಯೊಂದು 1990ರಲ್ಲಿ ತನ್ನ ಕರಿದ ಆಲೂಗಡ್ಡೆಗೆ ಸಸ್ಯಜನ್ಯ ಎಣ್ಣೆಯನ್ನೇ ಬಳಸುವುದಾಗಿ ಪ್ರಕಟಿಸಿತು. ಅದನ್ನು ನಂಬಿ ತಿಂದವರಿಗೆ 2001ರಲ್ಲಿ ಅದರಲ್ಲಿ ದನದ ಮಾಂಸಮೂಲದ ರುಚಿಕಾರಕ ಸೇರಿದೆಯೆಂದು ತಿಳಿಯಿತು. ವ್ಯಾಜ್ಯವಾಗಿ, 2002ರಲ್ಲಿ ಆ ಸಂಸ್ಥೆ ಕ್ಷಮೆ ಕೋರಿ, ಸಸ್ಯಾಹಾರಿ ಮತ್ತು ಧಾರ್ಮಿಕ ಸಂಸ್ಥೆಗಳಿಗೆ ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು.

ಹಾಗೆಂದು ಸ್ವದೇಶದಲ್ಲಿ ಚಿಂತೆಯಿಲ್ಲವೆಂದು ತಿಳಿಯಬಾರದು. ಭಾರತದಲ್ಲಿ 2001ರಿಂದ ಪೊಟ್ಟಣಗಳ ಮೇಲೆ ಸಸ್ಯಾಹಾರಕ್ಕೆ ಹಸಿರು ಗುರುತು ಕಡ್ಡಾಯವಾಗಿದೆ. ಇದು ದೊಡ್ಡ ಉಪಕಾರ. ಆದರೆ ಜೇನುತುಪ್ಪದ ಸೀಸೆಯ ಮೇಲೂ ಆಲೂಗಡ್ಡೆಯ ಚಿಪ್ಸಿನ ಮೇಲೂ ಅದೇ ಹಸಿರು ಗುರುತಿರುತ್ತದೆ. ಮಧುತ್ಯಾಗವನ್ನು ಮೂಲಗುಣಗಳಲ್ಲಿ ಎಣಿಸಿದ ಶ್ರಾವಕನಿಗೆ ಸರ್ಕಾರದ ಗುರುತು ಆರಂಭವೇ ಹೊರತು ಮುಕ್ತಾಯವಲ್ಲ. ಹಾಲಿನ ವಿಷಯವೂ ಹೀಗೆಯೇ. ದೊಡ್ಡ ಡೈರಿಗಳಲ್ಲಿ ಗಂಡುಕರುಗಳ ಗತಿಯೇನು, ಹಾಲು ಬತ್ತಿದ ಹಸುವಿನ ಗತಿಯೇನು ಎಂಬ ಪ್ರಶ್ನೆಯನ್ನು ಪರದೇಶದಲ್ಲಿ ಬೆಳೆದ ಜೈನ ಮಕ್ಕಳು ಹಿರಿಯರ ಮುಂದಿಡುತ್ತಿದ್ದಾರೆ. ಅದು ಉದ್ಧಟತನವಲ್ಲ. ಹಿರಿಯರೇ ಕಲಿಸಿದ ಅಳತೆಗೋಲಿನಿಂದ ಹಿರಿಯರ ಪರಿಚಿತ ಪದಾರ್ಥವನ್ನು ಅವರು ಅಳೆಯುತ್ತಿದ್ದಾರೆ.

ಬ್ಲಫ್‌ನ ಬೆಳಕು ಮತ್ತು ಸೂರ್ಯಾಸ್ತ

ಬ್ಲಫ್‌ನ ವಿದ್ಯುತ್ತು ಗಣಿಗಳಿಗೆ ಮಾತ್ರ ಹೋಗಿ ನಿಲ್ಲಲಿಲ್ಲ. 1905ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು. ಕ್ರಮೇಣ ಮನೆಗಳ ಅಡುಗೆಕೋಣೆಗಳಿಗೂ ಬಂದವು. ರಾತ್ರಿ ಹಗಲಿನಂತಾದ ಮೇಲೆ ರಾತ್ರಿಭೋಜನ ತ್ಯಾಗವೇಕೆ ಎಂಬ ಪ್ರಶ್ನೆ ಸಹಜವಾಗಿ ಹುಟ್ಟಿತು. ಈ ಪ್ರಶ್ನೆ ಹೊಸದಲ್ಲ. ಹತ್ತನೆಯ ಶತಮಾನದ ಸುಮಾರಿನ ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ದೀಪವನ್ನು ಹಚ್ಚಿಕೊಂಡರೂ ಸೂರ್ಯನ ಬೆಳಕಿಲ್ಲದಾಗ ಆಹಾರಕ್ಕೆ ಬೀಳುವ ಸೂಕ್ಷ್ಮ ಜೀವಿಗಳ ಹಿಂಸೆ ತಪ್ಪದೆಂದು ವಿಚಾರಿಸಿದ್ದಾರೆ. ಮಳೆಗಾಲದ ಸಂಜೆ ವಿದ್ಯುದ್ದೀಪದ ಸುತ್ತ ಮುತ್ತುವ ಹುಳುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಪರದೇಶದಲ್ಲಿ ಸೂರ್ಯನ ವೇಳಾಪಟ್ಟಿಯೇ ಬೇರೆ. ಮಳವಳ್ಳಿಯಲ್ಲಿ ವರ್ಷದ ಅತಿ ಬೇಗನೆಯ ಸೂರ್ಯಾಸ್ತಕ್ಕೂ ಅತಿ ತಡವಾದ ಸೂರ್ಯಾಸ್ತಕ್ಕೂ ಸುಮಾರು ಒಂದು ಗಂಟೆಯ ಅಂತರ. ಲಂಡನ್ನಿನಲ್ಲಿ ಡಿಸೆಂಬರಿನ ಸೂರ್ಯ ಸಂಜೆ ನಾಲ್ಕಕ್ಕೆ ಮೊದಲೇ ಮುಳುಗುತ್ತಾನೆ. ಜೂನಿನಲ್ಲಿ ರಾತ್ರಿ ಒಂಬತ್ತು ದಾಟಿದರೂ ಮುಳುಗುವುದಿಲ್ಲ. ಶಾಲೆಯಿಂದ ಮಗು ಮನೆಗೆ ಬರುವ ಹೊತ್ತಿಗೆ ಚಳಿಗಾಲದಲ್ಲಿ ಕತ್ತಲಾಗಿರುತ್ತದೆ. ಇಂಥ ಕಡೆ ನಿಯಮವನ್ನು ಪೂರ್ಣವಾಗಿ ಪಾಲಿಸುವವರು ವಂದನೀಯರು. ಪಾಲಿಸಲಾಗದವರು ‘ಎಲ್ಲವೂ ಹೋಯಿತು’ ಎಂದು ಕೈಚೆಲ್ಲುವುದಕ್ಕಿಂತ ಪರ್ವದಿನಗಳಲ್ಲಾದರೂ, ರಜೆಯ ದಿನಗಳಲ್ಲಾದರೂ ಪಾಲಿಸುವುದು ಲೇಸು. ಹಾಗೆಯೇ ಜೂನಿನ ಸೂರ್ಯ ಒಂಬತ್ತರವರೆಗೆ ಇದ್ದಾನೆಂದು ಒಂಬತ್ತರವರೆಗೂ ಉಣ್ಣುವುದು ನಿಯಮದ ಅಕ್ಷರವನ್ನು ಉಳಿಸಿ ಸಂಯಮವನ್ನು ಬಿಟ್ಟಂತೆ. ಹಿಟ್ಟಿನ ಮರ್ಯಾದೆಯ ವಿಷಯದಲ್ಲಿಯೂ ಇದೇ ತೊಡಕಿದೆ. ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂಬ ಮಿತಿಯನ್ನು ತಿಂಗಳುಗಟ್ಟಲೆ ಪೊಟ್ಟಣದಲ್ಲಿರುವ ಹಿಟ್ಟು ಮೀರುತ್ತದೆ. ಮನೆಯಲ್ಲಿಯೇ ಬೀಸಿಕೊಳ್ಳುವ ಚಿಕ್ಕ ಯಂತ್ರಗಳು ಈಗ ಸಿಗುತ್ತವೆ; ಮನಸ್ಸಿದ್ದವರಿಗೆ ಅದೊಂದು ದಾರಿ.

ಸಮಾಜದ ಮುಂದಿರುವ ಕರ್ತವ್ಯ

ಮಗನೋ ಮಗಳೋ ಪರದೇಶಕ್ಕೆ ಹೊರಟಾಗ ತಾಯಂದಿರು ಹುಡಿ, ಹಪ್ಪಳ, ಉಪ್ಪಿನಕಾಯಿಗಳನ್ನು ಕಟ್ಟಿಕೊಡುತ್ತಾರೆ. ಅದರಲ್ಲಿ ವಾತ್ಸಲ್ಯವಿದೆ, ಆದರೆ ಆ ಗಂಟು ಎರಡು ತಿಂಗಳಿಗೆ ಮುಗಿಯುತ್ತದೆ. ಮುಗಿದ ದಿನ ಮಗು ಅಂಗಡಿಗೆ ಹೋಗಿ, ಹೆಸರೇ ಕೇಳಿಲ್ಲದ ಪದಾರ್ಥವನ್ನು ಕೈಯಲ್ಲಿ ಹಿಡಿದು ನಿಂತಾಗ ಅದಕ್ಕೆ ಬೇಕಾದುದು ನಿಯಮದ ಹಿಂದಿನ ಕಾರಣ. ಆಲೂಗಡ್ಡೆ ಬೇಡವೆಂದು ಮಾತ್ರ ಕಲಿತ ಮಗು ಅಲ್ಲಿ ಸೋಲುತ್ತದೆ. ಏಕೆ ಬೇಡವೆಂದು ಕಲಿತ ಮಗು ತಾನೇ ನಿರ್ಧರಿಸುತ್ತದೆ. ಓಟ್ಸಿನ ಗಂಜಿ, ಕಿನುವ ಕಾಳು, ಬ್ರೊಕೊಲಿ, ಅವಕಾಡೊ ಹಣ್ಣು ಯಾವುದೇ ಇರಲಿ, ಪ್ರತಿಯೊಂದನ್ನೂ ಕಾಳು, ಕಾಯಿ, ಹೂವು, ಗಡ್ಡೆ ಎಂದು ವಿಂಗಡಿಸಿ, ಹುಳುಹುಪ್ಪಟೆಗಳ ಶಂಕೆಯನ್ನು ನೋಡಿ, ಗ್ರಾಹ್ಯವೋ ವರ್ಜ್ಯವೋ ಎಂದು ಹೇಳುವ ಶಕ್ತಿ ಅದಕ್ಕೆ ಬರುತ್ತದೆ.

ಬಸದಿಗಳ ಆಡಳಿತ ಮಂಡಲಿಗಳು ಈ ವಿಷಯದಲ್ಲಿ ಮಾಡಬಹುದಾದುದು ಬಹಳವಿದೆ. ಹೊರದೇಶಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ಒಂದು ದಿನದ ತಿಳಿವಳಿಕೆಯ ಸಭೆ ನಡೆಸಬಹುದು. ಅಲ್ಲಿದ್ದು ಬಂದವರನ್ನೇ ಕರೆಸಿ ಮಾತನಾಡಿಸಬಹುದು. ಪೊಟ್ಟಣಗಳ ಮೇಲಿನ ಪದಾರ್ಥಗಳ ಹೆಸರು ಮತ್ತು ಮೂಲಗಳನ್ನು ಕನ್ನಡದಲ್ಲಿ ಚಿಕ್ಕ ಪುಸ್ತಿಕೆಯಾಗಿ ಹಂಚಬಹುದು. ಎಲ್ಲಕ್ಕಿಂತ ಮುಖ್ಯವಾದುದು, ರಜೆಗೆ ಊರಿಗೆ ಬಂದ ಮಕ್ಕಳನ್ನು ‘ಅಲ್ಲಿ ಏನೇನು ತಿಂದೆ’ ಎಂದು ಆರೋಪಿಯಂತೆ ಪ್ರಶ್ನಿಸದಿರುವುದು. ತಪ್ಪಾದುದನ್ನು ಹೇಳಿಕೊಳ್ಳಲು ಜಾಗವಿಲ್ಲದ ಕಡೆ ಮಕ್ಕಳು ಮರೆಮಾಚುವುದನ್ನು ಕಲಿಯುತ್ತಾರೆ. ಮೊಟ್ಟೆಯ ವಿಷಯದಲ್ಲಿ ಎಡವಿದ್ದನ್ನು ಗಾಂಧೀಜಿಯವರು ಜಗತ್ತಿಗೇ ಬರೆದು ತಿಳಿಸಿದರು. ಆಲೋಚನೆ, ಪ್ರತಿಕ್ರಮಣಗಳನ್ನು ದಿನಚರಿಯಲ್ಲಿಯೇ ಇಟ್ಟಿರುವ ಧರ್ಮದ ಮನೆಯಲ್ಲಿ ಎಡವಿದವರಿಗೆ ಎದ್ದು ನಿಲ್ಲುವ ಅವಕಾಶ ಖಂಡಿತ ಇರಬೇಕು.

ಬ್ಲಫ್‌ಗೆ ಬಂದ ಅಮೆರಿಕದವರು ತಮ್ಮ ಕೆಲಸ ಮುಗಿಸಿ ಹೊರಟುಹೋಗಿ ನೂರು ವರ್ಷಗಳ ಮೇಲಾಯಿತು. ಅವರ ಜೊತೆ ಬಂದ ಹೆಸರು ಉಳಿಯಿತು, ವಿದ್ಯುದಾಗಾರ ಉಳಿಯಿತು. ಸುತ್ತಲಿನ ಹೊಲಗಳಲ್ಲಿ ಆಫ್ರಿಕದಿಂದ ಬಂದ ರಾಗಿ ಈಗಲೂ ತೆನೆ ಬಿಡುತ್ತದೆ. ಹಿತ್ತಿಲುಗಳಲ್ಲಿ ಅಮೆರಿಕದಿಂದ ಬಂದ ಮೆಣಸಿನಕಾಯಿ ಕೆಂಪಾಗುತ್ತದೆ. ಅವು ಪರದೇಶದವೆಂದು ಯಾವ ಗೃಹಿಣಿಯೂ ಇಂದು ಯೋಚಿಸುವುದಿಲ್ಲ, ಯೋಚಿಸಬೇಕಾಗಿಯೂ ಇಲ್ಲ. ಆದರೆ ಬಸದಿಗೆ ಹೋಗಿಬರುವ ಆ ಗೃಹಿಣಿ ಅದೇ ರಾಗಿಯನ್ನು ಮೊರದಲ್ಲಿ ಹರಡಿ, ಹುಳುವಿದೆಯೇ ಎಂದು ನೋಡಿ, ಇದ್ದರೆ ನೋವಾಗದಂತೆ ಎತ್ತಿ ಹೊರಗೆ ಬಿಟ್ಟು, ಆಮೇಲೆ ಬೀಸಲು ಕಳುಹಿಸುತ್ತಾಳೆ. ಸಮುದ್ರದಾಚೆಗೆ ಹೋಗುವ ಮಗಳು ಅವಳಿಂದ ಕಲಿತು ಹೋಗಬೇಕಾದುದು ಆ ನೋಟವನ್ನು.